ಬ್ಯಾಗಿನಲ್ಲಿ ಸಿಕ್ಕ ಪೊಟ್ಟಣ

ಪ್ರಶ್ನೆ: ಮಗ ದೇರಳಕಟ್ಟೆಯ ಪಿಜಿಯಲ್ಲಿದ್ದು ಓದುತ್ತಿದ್ದಾನೆ. ರಜೆಗೆ ಬಂದಾಗ ಬ್ಯಾಗಿನಲ್ಲಿ ಗಾಂಜಾ ಪೊಟ್ಟಣ ಸಿಕ್ಕಿತು. ‘ಸೇದುವುದು ಬಿಟ್ಟು ಹತ್ತು ದಿನ ಆಯಿತಮ್ಮ’ ಅನ್ನುತ್ತಾನೆ. ಮೆಡಿಕಲ್‌ನಿಂದ ಕಿಟ್ ತಂದು ಮೂತ್ರ ಪರೀಕ್ಷೆ ಮಾಡಿದರೆ ಪಾಸಿಟಿವ್. ಸುಳ್ಳು ಹೇಳುತ್ತಿದ್ದಾನೆಯೇ?
– ಒಬ್ಬ ತಾಯಿ, ಸುರತ್ಕಲ್

ಉತ್ತರ: ಹೇಳುತ್ತಿರಲಿಕ್ಕಿಲ್ಲ. ಗಾಂಜಾದ ಅಂಶ ದೇಹದ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ಎಂದೋ ಒಮ್ಮೆ ಸೇದಿದವರ ಮೂತ್ರದಲ್ಲಿ ಮೂರ್ನಾಲ್ಕು ದಿನ, ದಿನಾ ಸೇದುವವರಲ್ಲಿ ತಿಂಗಳವರೆಗೂ ಕಾಣಿಸಬಹುದು. ಹತ್ತು ದಿನದ ಮಾತು ನಿಜವೇ ಆಗಿದ್ದರೆ, ಚಟ ಆಗಾಗಿನದಲ್ಲ, ಹೆಚ್ಚುಕಡಿಮೆ ದಿನನಿತ್ಯದ್ದು ಎಂದಾಯಿತು. ಚಿಂತಿಸಬೇಕಾದದ್ದು ಅದಕ್ಕೆ. ಮನೆಯ ಕಿಟ್ ಬರೀ ಪ್ರಾಥಮಿಕ ತಪಾಸಣೆ, ಖಚಿತವಾಗಬೇಕಾದರೆ ಲ್ಯಾಬ್ ಪರೀಕ್ಷೆಯೇ ಬೇಕು. ಎಂಡಿಎಂಎ ಎಂಬ ರಾಸಾಯನಿಕ ಮಾದಕವಸ್ತು ಎರಡರಿಂದ ನಾಲ್ಕು ದಿನದಲ್ಲಿ ಮೂತ್ರದಿಂದ ಮಾಯವಾಗುತ್ತದೆ. ಗಾಂಜಾದ ಕಿಟ್ ಅದನ್ನು ಹಿಡಿಯುವುದೂ ಇಲ್ಲ. ಹಾಗಾಗಿ ನೆಗೆಟಿವ್ ಬಂತೆಂದು ನಿರಾಳವಾಗುವಂತಿಲ್ಲ.

ಬಿಟ್ಟ ಮೊದಲ ವಾರ ನಿದ್ದೆ ಬಾರದು, ಊಟ ಸೇರದು, ಸಣ್ಣ ಮಾತಿಗೂ ಸಿಡುಕು. ಎರಡು-ಮೂರು ವಾರದಲ್ಲಿ ಇದು ಇಳಿಯುತ್ತದೆ. ಆ ಹೊತ್ತಿಗೇ ಮನೆಯಲ್ಲಿ ವಿಚಾರಣೆ ಶುರುವಾದರೆ ಹುಡುಗ ಪಿಜಿಗೆ, ಹಳೆಯ ಗೆಳೆಯರ ನಡುವಿಗೇ ಓಡುತ್ತಾನೆ. ಏನು, ಎಷ್ಟು ದಿನದಿಂದ, ಜೊತೆಗೆ ಮದ್ಯವೋ ಮಾತ್ರೆಯೋ ಉಂಟಾ ಎಂದಷ್ಟೇ ಕೇಳಿ, ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳಿಸುವುದು, ವಿನಾಕಾರಣ ಎಲ್ಲರ ಮೇಲೂ ಅನುಮಾನ ಶುರುವಾಗಿದ್ದರೆ ಅದೇ ದಿನ ಹೋಗಿ. ಫೋನಿನಲ್ಲಿ ಸಲಹೆಗೆ 14446, ಶುಲ್ಕವಿಲ್ಲ.

ಪ್ರಶ್ನೆ: ತಮ್ಮ ದಿನಾ ಎಂಟು-ಹತ್ತು ಅಲ್ಪ್ರಝೋಲಮ್ (ಆತಂಕ ಶಮನದ ಮಾತ್ರೆ) ನುಂಗುತ್ತಾನೆ, ಮೇಲಿಂದ ಕುಡಿತ. ನಾಲ್ಕು ದಿನ ಕೋಣೆಗೆ ಬೀಗ ಹಾಕಿದರೆ ಬಿಟ್ಟಾನೇ?
– ಓದುಗ, ಮಲ್ಪೆ

ಉತ್ತರ: ಬೀಗದ ಯೋಚನೆ ಖಂಡಿತ ಬೇಡ. ಗಾಂಜಾ ಒಮ್ಮೆಲೇ ನಿಲ್ಲಿಸಿದರೆ ಕಿರಿಕಿರಿ ಹೆಚ್ಚುತ್ತದೆ, ಜೀವಕ್ಕೆ ಅಪಾಯವಿಲ್ಲ. ಈ ಮಾತ್ರೆ, ಕುಡಿತ ಎರಡನ್ನು ಒಮ್ಮೆಲೇ ನಿಲ್ಲಿಸಿದರೆ ಸಾವೂ ಬರಬಹುದು. ಕುಡಿತ ನಿಂತ 6ರಿಂದ 48 ಗಂಟೆಯೊಳಗೆ ಫಿಟ್ಸ್, ಎರಡು-ಮೂರು ದಿನಕ್ಕೆ ಕೈನಡುಕ, ಜ್ವರ, ಇಲ್ಲದ್ದು ಕಾಣುವುದು, ಯಾರು ಎಲ್ಲಿದ್ದಾರೆಂಬ ಪ್ರಜ್ಞೆ ತಪ್ಪುವುದು. ಮಾತ್ರೆ ನಿಲ್ಲಿಸಿದರೂ ಫಿಟ್ಸ್ ಬರುತ್ತದೆ. ವೈದ್ಯರು ಸಾಮಾನ್ಯವಾಗಿ ಡಯಾಜೆಪಾಮ್‌ನಂಥ ದೀರ್ಘಾವಧಿಯ ಔಷಧಿಗೆ ಬದಲಿಸಿ, ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಪ್ರಮಾಣ ಇಳಿಸುತ್ತಾರೆ. ಕುಡಿತದವರಿಗೆ ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಕೊಡುತ್ತಾರೆ. ‘ಸುಸ್ತಿಗೆ ಒಂದು ಗ್ಲೂಕೋಸ್ ಹಾಕಿ’ ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಕೇಳಬೇಡಿ, ಥಯಾಮಿನ್ ಕೊರತೆಯಲ್ಲಿ ಗ್ಲೂಕೋಸ್ ಮಾತ್ರ ಹೋದರೆ ಮಿದುಳಿಗೆ ಪೆಟ್ಟಾಗಬಹುದು.

ಮಾತ್ರೆ, ಮದ್ಯ ಸೇರಿದ ರಾತ್ರಿ ಉಸಿರು ನಿಧಾನವಾಗಿದ್ದು, ಎಬ್ಬಿಸಿದರೂ ಏಳದಿದ್ದರೆ ‘ಮಲಗಿ ಇಳಿಯಲಿ’ ಎಂದು ಬಿಡಬೇಡಿ. ಮಗ್ಗುಲಿಗೆ ತಿರುಗಿಸಿ 108ಕ್ಕೆ ಫೋನ್ ಮಾಡಿ. ಉಪ್ಪುನೀರು ಕುಡಿಸಬೇಡಿ. ಖಾಲಿ ಮಾತ್ರೆಪಟ್ಟಿ ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ: ಚಿಕಿತ್ಸೆಗೆ ಹೋದರೆ ಪೊಲೀಸ್ ಕೇಸಾಗುತ್ತದೆಯೇ?
– ಓದುಗರು, ಉಡುಪಿ

ಉತ್ತರ: ಚಿಕಿತ್ಸೆ ಪಡೆಯುವುದು ಅಪರಾಧವಲ್ಲ. 1985ರ ಮಾದಕವಸ್ತು ಕಾಯ್ದೆಯ 64ಎ ಕಲಮಿನಂತೆ, ಸೇವನೆ ಅಥವಾ ‘ಸಣ್ಣ ಪ್ರಮಾಣ’ದ ಆರೋಪವಿರುವ ವ್ಯಸನಿ ಸರ್ಕಾರಿ ಇಲ್ಲವೇ ಸರ್ಕಾರದ ಮಾನ್ಯತೆಯ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ರಕ್ಷಣೆ ಉಂಟು. ಅರ್ಧಕ್ಕೆ ಬಿಟ್ಟರೆ ಅದು ತಪ್ಪಿಹೋಗಬಹುದು. ಗಾಂಜಾಕ್ಕೆ ಸಣ್ಣ ಪ್ರಮಾಣವೆಂದರೆ ಒಂದು ಕಿಲೋವರೆಗೆ, ಎಂಡಿಎಂಎಗೆ ಬರೀ ಅರ್ಧ ಗ್ರಾಂ. ಎಂಡಿಎಂಎ ಹತ್ತು ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ ಹತ್ತು ವರ್ಷ ಜೈಲು. ಗೆಳೆಯನ ಪೊಟ್ಟಣ ಕೋಣೆಯಲ್ಲಿ ಇಟ್ಟುಕೊಂಡವನನ್ನೂ ಇದೇ ತೂಕದಲ್ಲಿ ಅಳೆಯುತ್ತಾರೆ.