ಅರಳು ಮರಳು ಈಗಲೇ ಶುರುವಾಯ್ತಾ?

ಪ್ರಶ್ನೆ: ಡಾಕ್ಟ್ರೇ, ನನಗೆ 47 ವರ್ಷ. ಒಂದು ವರ್ಷದಿಂದ ಮುಟ್ಟು ಲೆಕ್ಕ ತಪ್ಪಿದೆ. ರಾತ್ರಿ ಮೂರು ಗಂಟೆಗೆ ಮೈಯೆಲ್ಲ ಬೆವೆತು ಎಚ್ಚರವಾಗುತ್ತದೆ. ಫ್ಯಾನ್ ಐದಕ್ಕಿಟ್ಟರೂ ಸಾಲದು, ಪಕ್ಕದಲ್ಲಿ ನಮ್ಮನೆಯವರು ರಗ್ಗು ಹೊದ್ದು ಗೊಣಗುತ್ತಾರೆ. ಹಗಲಲ್ಲಿ ಬರೀ ಮರೆವು. ಮೊನ್ನೆ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನೋದೇ ಮರೆತು ಬೇಳೆ ಸೀದುಹೋಯಿತು. ಅರವತ್ತಕ್ಕೆ ಅರಳು ಮರಳು ಅಂತಾರೆ, ನನಗೆ ಈಗಲೇ ಬಂತಾ?
– ಓದುಗರು, ಹಾಸನ

ಉತ್ತರ: ನೀವು ಬರೆದದ್ದು ನೋಡಿದರೆ ಹಾಗನ್ನಿಸುವುದಿಲ್ಲಮ್ಮ. ನನಗೆ ಮೊದಲು ಅನುಮಾನ ಬರುವುದು ನಿಮ್ಮ ನಿದ್ದೆಯ ಮೇಲೆ.

ಬಸುರಿಯಾದ ಮೊದಲ ಮೂರು ತಿಂಗಳು ಕೂತಲ್ಲೇ ತೂಕಡಿಕೆ ಬರುತ್ತಿತ್ತು ಅಲ್ವಾ? ಅದರಲ್ಲಿ ಪ್ರೊಜೆಸ್ಟಿರಾನ್ ಅನ್ನುವ ಹೆಣ್ಣು ಹಾರ್ಮೋನಿನ ಪಾಲು ದೊಡ್ಡದು. ಅದರಿಂದ ಹುಟ್ಟುವ ಒಂದು ಪದಾರ್ಥ ಮೆದುಳಿನಲ್ಲಿ ನಿದ್ದೆ ಮಾತ್ರೆಯ ಹಾಗೆ ಕೆಲಸ ಮಾಡುತ್ತದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಅದು ಇಳಿಯುತ್ತದೆ, ಎಷ್ಟೋ ಜನರಿಗೆ ಆಗ ನಿದ್ದೆ ಕೆಡುತ್ತದೆ. ಮುಟ್ಟು ನಿಲ್ಲುವ ಹೊತ್ತಿಗೆ ಅದು ಕಡಿಮೆಯಾಗುತ್ತಾ ಹೋಗುತ್ತದೆ, ಜೊತೆಗೆ ಈಸ್ಟ್ರೊಜನ್ ಅನ್ನುವ ಇನ್ನೊಂದು ಹೆಣ್ಣು ಹಾರ್ಮೋನ್ ಒಂದು ತಿಂಗಳು ಏರಿ ಇನ್ನೊಂದು ತಿಂಗಳು ಇಳಿದು ಆಟ ಆಡಿಸುತ್ತದೆ. ಮೈ ಬಿಸಿ ಕಾಯುವ ಮೆದುಳಿನ ಭಾಗ ಇದರಿಂದ ಗಲಿಬಿಲಿಯಾಗಿ, ಚೂರು ಬಿಸಿ ಏರಿದರೂ ಸೆಕೆ ಅಂದುಕೊಂಡು ಬೆವರು ಹರಿಸಿಬಿಡುತ್ತದೆ. ಮೂರು ಗಂಟೆಯ ಎಚ್ಚರ ಇದೇ.

ಇನ್ನು ಮರೆವು. ಹಗಲು ಕಂಡದ್ದು ಕೇಳಿದ್ದನ್ನು ಮೆದುಳು ಜೋಡಿಸಿ ಇಟ್ಟುಕೊಳ್ಳುವುದು ನಿದ್ದೆಯಲ್ಲಿ. ಅದು ತುಂಡು ತುಂಡಾದರೆ ಗಮನವೂ ನಿಲ್ಲದು, ನೆನಪೂ ನಿಲ್ಲದು. ನೆನಪಿನ ಭಾಗಕ್ಕೆ ನೇರವಾಗಿಯೂ ಈಸ್ಟ್ರೊಜನ್ ಬೇಕು, ಅದೂ ನಿಜ. ಆದರೆ ಅಮೆರಿಕದಲ್ಲಿ 1996ರಿಂದ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ 'ಸ್ವಾನ್' ಅಧ್ಯಯನದಲ್ಲಿ, ಮುಟ್ಟು ನಿಲ್ಲುವ ಹೊಸ್ತಿಲಲ್ಲಿ ಹೊಸದನ್ನು ಕಲಿಯುವುದು ಸ್ವಲ್ಪ ಮಂಕಾಗಿ, ನಿಂತ ಮೇಲೆ ಮತ್ತೆ ಸುಧಾರಿಸಿದ್ದು ಕಂಡಿದೆ.

ಹಾಗಂತ ಸುಮ್ನೆ ಕೂರಬೇಡಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮಾಡಿಸಿ, ಇವು ಏರುಪೇರಾದರೂ ಇದೇ ಸುಸ್ತು, ಇದೇ ಮರೆವು. ಗೊರಕೆ ಜಾಸ್ತಿಯಾಗಿದೆಯಾ ಅಂತ ಯಜಮಾನರನ್ನು ಕೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಈ ವಯಸ್ಸಿನ ನಂತರ ಹೆಂಗಸರಲ್ಲೂ ಹೆಚ್ಚು, ನಾವು ಅದನ್ನು ಗಂಡಸರ ಕಾಯಿಲೆ ಅಂದುಕೊಂಡಿದ್ದೇವೆ ಅಷ್ಟೇ. ಬೆವರು ತಡೆಯಲಾಗದಿದ್ದರೆ ಹಾರ್ಮೋನ್ ಚಿಕಿತ್ಸೆ ಇದೆ, ಎಲ್ಲರಿಗೂ ಹೊಂದುವುದಿಲ್ಲ, ಸ್ತ್ರೀರೋಗ ತಜ್ಞರೇ ನೋಡಿ ಹೇಳಬೇಕು. ಬರೀ ನೆನಪಿಗಾಗಿ ಅದನ್ನು ನುಂಗಬೇಡಿ. ದಿನಾ ಓಡಾಡುವ ದಾರಿಯೇ ತಪ್ಪಿತು ಅನ್ನುವ ಹಾಗಾದರೆ ಮಾತ್ರ ತಡಮಾಡದೆ ನರರೋಗ ತಜ್ಞರ ಹತ್ತಿರ ಹೋಗಿ.

ಸಂಜೆ ನಾಲ್ಕರ ಮೇಲೆ ಕಾಫಿ ಬೇಡ. ಫ್ಯಾನ್ ಐದರಲ್ಲೇ ಇರಲಿ, ಅವರಿಗೆ ಇನ್ನೊಂದು ರಗ್ಗು ಕೊಡಿ.