ಔಷಧ ಕಾರ್ಖಾನೆಗಳಲ್ಲಿ ಹಸಿರು ರಸಾಯನಶಾಸ್ತ್ರ ನಿಜಕ್ಕೂ ಬಳಕೆಯಲ್ಲಿದೆಯೇ?

ಎಂ.ಎಸ್ಸಿ. ಓದುತ್ತಿರುವ ನೀವು ಎರಡು ಸಂಗತಿ ಕೇಳಿದ್ದೀರಿ: ಪಠ್ಯದಲ್ಲಿರುವ ಹಸಿರು ರಸಾಯನಶಾಸ್ತ್ರ (ತ್ಯಾಜ್ಯವೂ ವಿಷವೂ ಹುಟ್ಟುವ ಮೊದಲೇ ಕಡಿಮೆಯಾಗುವಂತೆ ತಯಾರಿಕೆಯನ್ನು ರೂಪಿಸುವುದು) ಔಷಧ ಕಾರ್ಖಾನೆಗಳಲ್ಲಿ ನಿಜಕ್ಕೂ ಬಳಕೆಯಲ್ಲಿದೆಯೇ, ಇದ್ದರೆ, ಬಲ್ಕ್ ಡ್ರಗ್ (ಮಾತ್ರೆಗೆ ಸೇರಿಸುವ ಮೂಲ ಔಷಧವಸ್ತು) ಘಟಕಗಳ ಸುತ್ತಲಿನ ಊರುಗಳಲ್ಲಿ ನೀರು ಕೆಟ್ಟಿದೆ, ವಾಸನೆ ತಡೆಯಲಾಗುತ್ತಿಲ್ಲ ಎಂಬ ದೂರು ಏಕೆ ನಿಂತಿಲ್ಲ. ಬಲ್ಕ್ ಡ್ರಗ್ ತಯಾರಿಕೆಯ ವಿಧಾನಗಳನ್ನು ಪ್ರಯೋಗಾಲಯದಿಂದ ರಿಯಾಕ್ಟರಿಗೆ ಒಯ್ಯುವ ವಿಭಾಗದಲ್ಲಿ ಹಲವು ವರ್ಷ ದುಡಿದವನಾಗಿ ಹೇಳುತ್ತೇನೆ: ಬಳಕೆಯಲ್ಲಿದೆ, ಅದರ ಫಲವನ್ನು ತೂಕ ಹಾಕಿ ತೋರಿಸಲೂ ಬಹುದು. ಆದರೆ ಅದನ್ನು ಯೋಚಿಸಬೇಕಾದ ಹೊತ್ತು ಮೀರಿದ ಮೇಲೆ ನಮ್ಮಲ್ಲಿ ಯೋಚಿಸುತ್ತಾರೆ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿಯೇ.

ಒಂದು ಕಿಲೋ ಉತ್ಪನ್ನ ತಯಾರಾಗುವಾಗ ಎಷ್ಟು ಕಿಲೋ ತ್ಯಾಜ್ಯ ಹುಟ್ಟುತ್ತದೆ ಎಂಬ ಲೆಕ್ಕಕ್ಕೆ ಇ-ಫ್ಯಾಕ್ಟರ್ ಎನ್ನುತ್ತಾರೆ. ರಸಾಯನಶಾಸ್ತ್ರಜ್ಞ ರೋಜರ್ ಶೆಲ್ಡನ್ 1992ರಲ್ಲಿ ಮುಂದಿಟ್ಟ ಅಂದಾಜಿನಂತೆ ಪೆಟ್ರೋಲಿಯಂ ಶುದ್ಧೀಕರಣದಲ್ಲಿ ಅದು ಸುಮಾರು 0.1, ಔಷಧ ತಯಾರಿಕೆಯಲ್ಲಿ 25ರಿಂದ 100, ಕೆಲವೊಮ್ಮೆ ಅದಕ್ಕೂ ಹೆಚ್ಚು. ಔಷಧದ ಅಣುವನ್ನು ಹಲವು ಹಂತಗಳಲ್ಲಿ ಕಟ್ಟಬೇಕು. ಪ್ರತಿ ಹಂತದಲ್ಲೂ ಒಂದು ದ್ರಾವಕದಲ್ಲಿ ಕ್ರಿಯೆ ನಡೆಸಿ, ಇನ್ನೊಂದರಿಂದ ಬೇರ್ಪಡಿಸಿ, ನೀರಿನಿಂದ ತೊಳೆದು, ಮತ್ತೊಂದರಲ್ಲಿ ಸ್ಫಟಿಕ ಮಾಡಿ, ಒಣಗಿಸಬೇಕು. ಹಾಗಾಗಿ ಕಾರ್ಖಾನೆಯ ಒಳಗೆ ಬರುವ ತೂಕದಲ್ಲಿ ಬಹುಪಾಲು ದ್ರಾವಕ ಮತ್ತು ನೀರೇ ಆಗಿರುತ್ತದೆ. ಮಾತ್ರೆಯೊಳಗೆ ಸೇರುವ ಪರಮಾಣುಗಳ ಪಾಲು ತೀರಾ ಸಣ್ಣದು.

ಹಂತ ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೆ ನೋವಿನ ಮಾತ್ರೆಯಾದ ಐಬುಪ್ರೊಫೇನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1960ರ ದಶಕದಲ್ಲಿ ಇಂಗ್ಲೆಂಡಿನ ಬೂಟ್ಸ್ ಕಂಪನಿ ರೂಪಿಸಿದ ತಯಾರಿಕೆಯ ದಾರಿಯಲ್ಲಿ ಆರು ಹಂತಗಳಿದ್ದವು. ಅದರಲ್ಲಿ ಬಳಸುವ ಕಾರಕಗಳ ಅಣುತೂಕಗಳನ್ನು ಕೂಡಿದರೆ ಸುಮಾರು 514 ಬರುತ್ತದೆ, ಐಬುಪ್ರೊಫೇನಿನ ಅಣುತೂಕ 206. ಅಂದರೆ ಎಲ್ಲ ಹಂತಗಳೂ ನೂರಕ್ಕೆ ನೂರು ಇಳುವರಿ ಕೊಟ್ಟರೂ ಹಾಕಿದ್ದರಲ್ಲಿ ಶೇ. 40 ಮಾತ್ರ ಔಷಧವಾಗುತ್ತದೆ. ಮೊದಲ ಹಂತಕ್ಕೆ ಹಾಕುವ ಅಲ್ಯೂಮಿನಿಯಂ ಕ್ಲೋರೈಡ್ ಮರುಬಳಕೆಗೆ ಬಾರದೆ ತ್ಯಾಜ್ಯವಾಗುವುದು ಈ ಲೆಕ್ಕದಲ್ಲಿ ಸೇರಿಯೇ ಇಲ್ಲ. ಬೂಟ್ಸ್, ಹೆಕ್ಸ್ಟ್, ಸೆಲನೀಸ್ ಕಂಪನಿಗಳು ಒಟ್ಟಾಗಿ ರೂಪಿಸಿದ ಹೊಸ ದಾರಿ 1992ರಲ್ಲಿ ಅಮೆರಿಕದ ಟೆಕ್ಸಸ್‌ನ ಬಿಷಪ್ ಎಂಬಲ್ಲಿ ಉತ್ಪಾದನೆಗೆ ಬಂತು. ಐಸೊಬ್ಯುಟೈಲ್ ಬೆಂಜೀನ್ 134, ಅಸಿಟಿಕ್ ಅನ್‌ಹೈಡ್ರೈಡ್ 102, ಹೈಡ್ರೋಜನ್ 2, ಕಾರ್ಬನ್ ಮಾನಾಕ್ಸೈಡ್ 28: ಒಟ್ಟು 266. ಅದರಲ್ಲಿ 206 ಔಷಧ, ಉಳಿದ 60 ಅಸಿಟಿಕ್ ಆಮ್ಲ. ಶೇ. 77 ಔಷಧವಾಯಿತು, ಅಸಿಟಿಕ್ ಆಮ್ಲವನ್ನೂ ಹಿಡಿದು ಬಳಸಿಕೊಂಡರೆ ಚೆಲ್ಲುವುದು ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಹಂತಗಳು ಆರರಿಂದ ಮೂರಕ್ಕೆ ಇಳಿದವು. ಈ ಕೂಡಿಕೆಯನ್ನು ನೀವೇ ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ. ಪರಮಾಣು ಮಿತವ್ಯಯ (ಹಾಕಿದ ಪರಮಾಣುಗಳಲ್ಲಿ ಆದಷ್ಟು ಹೆಚ್ಚು ಪಾಲು ಉತ್ಪನ್ನದಲ್ಲೇ ಸೇರಬೇಕು) ಎಂಬ ಮಾತಿನ ಅರ್ಥ ನನಗೆ ಮನದಟ್ಟಾದದ್ದು ಹಾಗೆಯೇ.

ಇದರ ಜೊತೆಗೆ ಪಠ್ಯಗಳು ಒತ್ತಿ ಹೇಳದ ಒಂದು ಮಾತನ್ನೂ ಹೇಳಬೇಕು. ಹೊಸ ದಾರಿಯ ಮೊದಲ ಹಂತ ನಡೆಯುವುದು ಹೈಡ್ರೋಜನ್ ಫ್ಲೋರೈಡಿನಲ್ಲಿ, ಅದು ಮೈಗೆ ತಾಗಿದರೆ ಮೂಳೆಯವರೆಗೆ ಇಳಿಯುವ ವಿಷ. ಅದನ್ನು ಪೂರ್ತಿ ಹಿಂಪಡೆದು ಮತ್ತೆ ಮತ್ತೆ ಬಳಸುವುದರಿಂದ ತ್ಯಾಜ್ಯ ಕಡಿಮೆಯಾಗುತ್ತದೆ ನಿಜ, ಆದರೆ ಆ ಕಾರ್ಖಾನೆಯಲ್ಲಿ ದುಡಿಯುವವರ ಪಾಲಿಗೆ ಅಪಾಯ ಅಪಾಯವೇ. ಕಡಿಮೆ ತ್ಯಾಜ್ಯ, ಕಡಿಮೆ ವಿಷ ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಎರಡನ್ನೂ ಒಟ್ಟಿಗೆ ಸಾಧಿಸಿದ್ದು ಹೆಚ್ಚಾಗಿ ಕಿಣ್ವಗಳು. ಅಮಾಕ್ಸಿಸಿಲಿನ್‌ನಂಥ ಔಷಧಗಳ ತಾಯಿಬೇರಾದ 6-ಎಪಿಎ ತಯಾರಿಸಲು ಹಿಂದೆ ಪೆನಿಸಿಲಿನ್ ಅನ್ನು ಡೈಕ್ಲೋರೋಮೀಥೇನ್ ಎಂಬ ವಿಷಕಾರಿ ದ್ರಾವಕದಲ್ಲಿ ಕರಗಿಸಿ, ಸೊನ್ನೆಗಿಂತ 40 ಡಿಗ್ರಿ ಕೆಳಗೆ ತಣಿಸಿ, ಫಾಸ್ಫರಸ್ ಪೆಂಟಾಕ್ಲೋರೈಡ್ ಹಾಕಬೇಕಿತ್ತು. ಪೆನಿಸಿಲಿನ್ ಅಸೈಲೇಸ್ ಕಿಣ್ವ ಅದೇ ಕೆಲಸವನ್ನು ನೀರಿನಲ್ಲಿ, ನಮ್ಮ ಮೈಯ ಬಿಸಿಯಷ್ಟೇ ಬಿಸಿಯಲ್ಲಿ ಮಾಡಿ ಮುಗಿಸುತ್ತದೆ. ಮಧುಮೇಹದ ಸಿಟಾಗ್ಲಿಪ್ಟಿನ್ ತಯಾರಿಕೆಯಲ್ಲಿ ಮರ್ಕ್ ಮತ್ತು ಕೊಡೆಕ್ಸಿಸ್ ಕಂಪನಿಗಳು ರೋಡಿಯಂ ಲೋಹವನ್ನೂ ಹೆಚ್ಚಿನ ಒತ್ತಡದ ಹೈಡ್ರೋಜನನ್ನೂ ಕೈಬಿಟ್ಟು, ಅದಕ್ಕೆಂದೇ ಮಾರ್ಪಡಿಸಿದ ಕಿಣ್ವವನ್ನು ತಂದವು. 2010ರಲ್ಲಿ ಅದಕ್ಕೆ ಅಮೆರಿಕದ ಅಧ್ಯಕ್ಷರ ಹೆಸರಿನ ಹಸಿರು ರಸಾಯನಶಾಸ್ತ್ರ ಪ್ರಶಸ್ತಿ ಬಂತು.

ಹಾಗಾದರೆ ಎಲ್ಲರೂ ಏಕೆ ಮಾಡುವುದಿಲ್ಲ? ಔಷಧಕ್ಕೆ ಅನುಮತಿ ಕೇಳುವಾಗ ಅದನ್ನು ತಯಾರಿಸುವ ವಿಧಾನವನ್ನೂ ಬರೆದುಕೊಟ್ಟಿರುತ್ತಾರೆ. ಆಮೇಲೆ ಒಂದು ದ್ರಾವಕ ಬದಲಾಯಿಸಿದರೂ ಕಲ್ಮಶಗಳ ವಿವರ, ಬಾಳಿಕೆಯ ಪರೀಕ್ಷೆಗಳು, ಮಾರಾಟವಿರುವ ಒಂದೊಂದು ದೇಶದ ನಿಯಂತ್ರಕರಿಗೂ ಹೊಸ ಕಾಗದಪತ್ರ ಬೇಕಾಗುತ್ತದೆ. ನಾನಿದ್ದ ಒಂದು ಕಡೆ ಕೊನೆಯ ಹಂತದ ಡೈಕ್ಲೋರೋಮೀಥೇನ್ ಬದಲು ಈಥೈಲ್ ಅಸಿಟೇಟ್ ಸಾಕು ಎಂದು ಪ್ರಯೋಗಾಲಯದಲ್ಲಿ ತೋರಿಸಿದೆವು. ಇಳುವರಿ ಕಡಿಮೆಯಾಗಲಿಲ್ಲ, ಶುದ್ಧತೆಯೂ ಕೆಡಲಿಲ್ಲ. ಆದರೆ ದಾಖಲೆ ಸಲ್ಲಿಸಿ ಆಗಿತ್ತು, ಖರೀದಿದಾರರು ಒಪ್ಪಲಿಲ್ಲ, ಕಡತ ಮುಚ್ಚಿತು. ಇಂದಿಗೂ ನನಗೆ ಅದು ನೋವಿನ ನೆನಪು, ಏಕೆಂದರೆ ಅದೇ ಪ್ರಯೋಗವನ್ನು ದಾಖಲೆ ಸಲ್ಲಿಸುವ ಮೊದಲು ಮಾಡಿದ್ದರೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ.

ದಾರಿ ಬದಲಾಗದಿದ್ದರೆ ಹೊರೆಯೆಲ್ಲ ಕೊಳೆನೀರು ಹೊರಬರುವ ಕೊನೆಯ ಕೊಳವೆಯ ಮೇಲೆ ಬೀಳುತ್ತದೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಹಲವು ಔಷಧ ಘಟಕಗಳ ಕೊಳೆನೀರು ಸೇರುವ ಸಂಸ್ಕರಣಾ ಘಟಕದಿಂದ ಹೊರಬಂದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಇದ್ದುದನ್ನು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಅದು ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು. ಕೊಳೆನೀರನ್ನು ಶುದ್ಧಗೊಳಿಸುವುದು ಸೂಕ್ಷ್ಮಜೀವಿಗಳು. ಅವುಗಳನ್ನು ಕೊಲ್ಲಲೆಂದೇ ತಯಾರಾದ ವಸ್ತುವನ್ನು ಅವುಗಳಿಗೇ ಉಣಿಸಿ ಶುದ್ಧ ನೀರು ಬಯಸುವುದು ಹೇಗೆ? ಈಗ ಹಲವು ಘಟಕಗಳು ನೀರನ್ನು ಹೊರಗೆ ಬಿಡದೆ ಎಂಇಇ (ಮಲ್ಟಿಪಲ್ ಎಫೆಕ್ಟ್ ಇವ್ಯಾಪೊರೇಟರ್) ಎಂಬ ಯಂತ್ರದಲ್ಲಿ ಕುದಿಸಿ ಆವಿ ಮಾಡುತ್ತವೆ. ಊರಿನ ಹಳ್ಳಕ್ಕೆ ಅದು ಖಂಡಿತ ಒಳ್ಳೆಯದು. ಆದರೆ ಕುದಿಸಲು ಇಂಧನ ಉರಿಯಬೇಕು, ತಳದಲ್ಲಿ ಉಳಿದ ಉಪ್ಪು ಇನ್ನೊಂದು ಊರಿನ ಅಪಾಯಕಾರಿ ತ್ಯಾಜ್ಯದ ಗುಂಡಿಗೆ ಹೋಗಬೇಕು. ಬೀದರಿನ ಕೊಳಾರದಲ್ಲಿ, ಯಾದಗಿರಿಯ ಕಡೇಚೂರಿನಲ್ಲಿ ಜನ ಎತ್ತುತ್ತಿರುವ ದೂರುಗಳನ್ನು ಕೊಳೆನೀರಿನ ಘಟಕ ಇದೆಯೇ ಇಲ್ಲವೇ ಎಂದು ನೋಡಿ ಮುಗಿಸಬಾರದು ಎನ್ನುವುದು ಇದಕ್ಕಾಗಿಯೇ. ಆ ಘಟಕಕ್ಕೆ ಏನು, ಎಷ್ಟು ಬರುತ್ತಿದೆ, ಅದು ಹುಟ್ಟುವ ಹಂತ ಯಾವುದು ಎಂದು ಹಿಂದಕ್ಕೆ ಹೋಗಿ ಕೇಳಬೇಕು.

ಮುಂದೆ ನೀವು ಸಂದರ್ಶನಕ್ಕೆ ಹೋದಾಗ, ನೆಟ್ಟ ಗಿಡಗಳ ಲೆಕ್ಕ ಹೇಳುವ ಕಂಪನಿಯನ್ನು ಒಂದು ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ಹೊಸ ದ್ರಾವಕ ಕೊಳ್ಳುತ್ತೀರಿ ಎಂದು ಕೇಳಿ. ಆ ಸಂಖ್ಯೆಯನ್ನು ಹಂತವಾರು ಬಲ್ಲವರು ಇರುವ ಕಡೆ ಕೆಲಸ ಸಿಕ್ಕರೆ, ಮೊದಲ ಆರು ತಿಂಗಳು ಸ್ಫಟಿಕೀಕರಣ ಮತ್ತು ಸಾಲ್ವೆಂಟ್ ರಿಕವರಿ (ಬಳಸಿದ ದ್ರಾವಕವನ್ನು ಮತ್ತೆ ಹಿಂಪಡೆಯುವ) ವಿಭಾಗದವರ ಜೊತೆ ಕಳೆಯಿರಿ.