‘ಸಾಬೀತಾಯಿತು’ ಎಂದು ಬರೆದರೆ ತಪ್ಪೇನು?

ಪ್ರಶ್ನೆ: ನಾನು ಮನೋವಿಜ್ಞಾನದ ಎಂ.ಎ. ವಿದ್ಯಾರ್ಥಿನಿ. 8 ಗಂಟೆ ಮಲಗಿದ 30 ಜನ, 5 ಗಂಟೆ ಮಲಗಿದ 30 ಜನ, ಇವರಿಗೆ 20 ಪದಗಳ ಪಟ್ಟಿ ಓದಿಸಿ, ಎಷ್ಟು ನೆನಪಿದೆ ಎಂದು ಪರೀಕ್ಷಿಸಿದೆ. ‘ನಿದ್ದೆ ನೆನಪಿನ ಶಕ್ತಿ ಹೆಚ್ಚಿಸುತ್ತದೆ ಎಂದು ಸಾಬೀತಾಯಿತು’ ಎಂಬ ಸಾಲನ್ನು ಗೈಡ್ ಹೊಡೆದುಹಾಕಿ, ‘ಫಲಿತಾಂಶ, ಚರ್ಚೆ ಎರಡೂ ಕಲಸಿಹೋಗಿವೆ, ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿಗೆ ತನ್ನಿ’ ಎಂದಿದ್ದಾರೆ. ಎಲ್ಲಿಂದ ತಿದ್ದಲಿ?

ಉತ್ತರ: ಆ ಸಾಲಿನಿಂದಲೇ ಶುರುಮಾಡಿ. ಅದರಲ್ಲಿ ಮೂರು ತೊಡಕುಗಳಿವೆ.

ನೀವು ಅಳೆದದ್ದು ‘ನೆನಪಿನ ಶಕ್ತಿ’ಯನ್ನಲ್ಲ, ನೆನಪಿಸಿಕೊಂಡು ಹೇಳಿದ ಪದಗಳ ಸಂಖ್ಯೆಯನ್ನು. ಬುದ್ಧಿ, ಆತಂಕ, ನೆನಪು ಯಾವುದೂ ನೇರವಾಗಿ ಕೈಗೆ ಸಿಗುವುದಿಲ್ಲ. ಸಿಗುವುದು ಅಂಕ ಮಾತ್ರ. ಅಂಕದಿಂದ ನೆನಪಿನ ಶಕ್ತಿಗೆ ಹಾರುವ ಹೆಜ್ಜೆಯನ್ನು ಚರ್ಚೆಯಲ್ಲಿ ವಾದ ಮಾಡಿ ಇಡಬೇಕು. ಫಲಿತಾಂಶದಲ್ಲೇ ಹಾರಿಬಿಟ್ಟಿದ್ದೀರಿ, ಅದಕ್ಕೇ ಕಲಸಿಹೋಗಿದೆ.

ಎರಡನೆಯದು ‘ಹೆಚ್ಚಿಸುತ್ತದೆ’. ಯಾರು ಎಷ್ಟು ಹೊತ್ತು ಮಲಗಬೇಕೆಂದು ಚೀಟಿ ಎತ್ತಿ ನೀವೇ ಗುಂಪು ಮಾಡಿದ್ದರೆ ಕಾರಣದ ಮಾತು ಆಡಬಹುದು. ಅವರಾಗಿಯೇ ಕಡಿಮೆ ಮಲಗಿದವರಾದರೆ ಆಡುವಂತಿಲ್ಲ. ನಿದ್ದೆ ಕೆಡಿಸಿದ ಚಿಂತೆಯೇ ನೆನಪನ್ನೂ ಕೆಡಿಸಿರಬಹುದು. ಗುಂಪು ಮಾಡಿದ ಬಗೆ ನಿಮ್ಮ ಪ್ರಶ್ನೆಯಲ್ಲಿಲ್ಲ. ವಿಧಾನ ಭಾಗದಲ್ಲೂ ಬಿಟ್ಟುಹೋಗಿದೆಯೇ ನೋಡಿಕೊಳ್ಳಿ. ಓದುವವರು ಮೊದಲು ಹುಡುಕುವುದು ಅದನ್ನೇ.

ಇನ್ನು ‘ಸಾಬೀತು’. 60 ಜನರ ಒಂದು ಪ್ರಯೋಗ ಪ್ರಾಕ್ಕಲ್ಪನೆಯನ್ನು (ಪರೀಕ್ಷೆಗೆ ಒಡ್ಡಿದ ಊಹೆಯನ್ನು) ಬೆಂಬಲಿಸಬಹುದು, ಸಾಬೀತು ಮಾಡಲಾರದು. ‘ಬೆಂಬಲಿಸುತ್ತದೆ’, ‘ಸೂಚಿಸುತ್ತದೆ’ ಸಾಕು. ಹಾಗೆಂದು ‘ಬಹುಶಃ ಸೂಚಿಸಬಹುದೇನೋ’ ಎಂದು ಮೂರು ಪದರ ಅನುಮಾನ ಹೊದಿಸುವುದೂ ಬೇಡ.

ತಿದ್ದಿದ ಸಾಲು ಹೀಗಿರಲಿ (ಅಂಕಿಗಳು ಉದಾಹರಣೆಗೆ): ‘8 ಗಂಟೆ ಮಲಗಿದವರು ಸರಾಸರಿ 14.3 ಪದ (ಮಾನಕ ವಿಚಲನೆ 4.1), 5 ಗಂಟೆ ಮಲಗಿದವರು 11.7 ಪದ (ಮಾನಕ ವಿಚಲನೆ 4.1) ನೆನಪಿಸಿಕೊಂಡರು, ಟಿ(58) = 2.46, ಪಿ = .017, ಡಿ = 0.63.’ ಮಾನಕ ವಿಚಲನೆ ಎಂದರೆ ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದು. ಟಿ ಎರಡು ಸರಾಸರಿಗಳ ವ್ಯತ್ಯಾಸವನ್ನು ಪರೀಕ್ಷಿಸುವ ಅಂಕಿ, 58 ಎಂದರೆ 60 ಜನರಿಂದ ಎರಡು ಗುಂಪು ಕಳೆದದ್ದು. ಪಿ ಎಂದರೆ ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಂಭವ, ಡಿ ಎಂದರೆ ವ್ಯತ್ಯಾಸದ ಗಾತ್ರ. ಕ್ರಿಯಾಪದ ಭೂತಕಾಲದಲ್ಲಿದೆ, ಏಕೆಂದರೆ ಇದು ಆ ದಿನ ಆ 60 ಜನರಲ್ಲಿ ಕಂಡದ್ದು. ಪಿ ಬೆಲೆ 1 ದಾಟುವುದಿಲ್ಲ, ಹಾಗಾಗಿ ಬಿಂದುವಿನ ಮುಂದೆ ಸೊನ್ನೆ ಇಲ್ಲ. ಡಿ ದಾಟಬಲ್ಲದು, ಅದಕ್ಕೆ ಸೊನ್ನೆ ಬೇಕು. ‘ಪಿ < .05’ ಎಂದು ಮುಗಿಸಬೇಡಿ, ನಿಖರ ಬೆಲೆ ಕೊಡಿ; .001ಕ್ಕಿಂತ ಕಡಿಮೆಯಾದರೆ ಮಾತ್ರ ‘ಪಿ < .001’. ಡಿ ಬಿಟ್ಟರೆ ವ್ಯತ್ಯಾಸ ಎಷ್ಟು ದೊಡ್ಡದೆಂದು ಯಾರಿಗೂ ತಿಳಿಯದು. ಅದನ್ನು ಬಿಡುವವರೇ ಹೆಚ್ಚು.

ಬರೆಯುವ ಕ್ರಮ ಓದುವ ಕ್ರಮವೇ ಆಗಬೇಕಿಲ್ಲ. ನೆನಪು ಹಸಿಯಾಗಿರುವಾಗಲೇ ವಿಧಾನ ಬರೆದುಬಿಡಿ, ಬೇರೊಬ್ಬರು ಅದನ್ನು ಓದಿಯೇ ಪ್ರಯೋಗವನ್ನು ಮತ್ತೆ ಮಾಡುವಷ್ಟು ವಿವರವಾಗಿ. ಆಮೇಲೆ ಫಲಿತಾಂಶ, ಚರ್ಚೆ, ಪೀಠಿಕೆ. ಸಾರಾಂಶ ಕೊನೆಗೆ, ಸಾಮಾನ್ಯವಾಗಿ 250 ಪದಗಳೊಳಗೆ.

ಗೈಡ್ ಹೇಳಿದ ಎಪಿಎ ಶೈಲಿಗೆ 2019ರಲ್ಲಿ ಬಂದ 7ನೇ ಆವೃತ್ತಿಯ ಕೈಪಿಡಿ ನೋಡಿ. ಮೂವರು ಅಥವಾ ಹೆಚ್ಚು ಲೇಖಕರಿದ್ದರೆ ಅದರ ಪ್ರಕಾರ ಮೊದಲ ಉಲ್ಲೇಖದಿಂದಲೇ ಮೊದಲ ಲೇಖಕರ ಹೆಸರು, ‘ಮತ್ತಿತರರು’, ವರ್ಷ. ಹಳೆಯ ಪ್ರಬಂಧಗಳನ್ನು ನೋಡಿ ನಕಲು ಮಾಡಿದರೆ ಇಲ್ಲೇ ಎಡವುತ್ತೀರಿ: 6ನೇ ಆವೃತ್ತಿಯಲ್ಲಿ ಐವರವರೆಗೆ ಎಲ್ಲ ಹೆಸರನ್ನೂ ಮೊದಲ ಸಲ ಬರೆಯಬೇಕಿತ್ತು.